108 ಬರುವುದರೊಳಗೆ: ಬಿಪಿ ಏರಿದ ಏಳು ತಿಂಗಳ ಗರ್ಭಿಣಿ ಲೇಬರ್ ರೂಮಿಗೆ ಬಂದಾಗ

ಏಳು ತಿಂಗಳ ಗರ್ಭಿಣಿ ತಲೆನೋವು, ಎದೆಗೂಡಿನ ಕೆಳಗೆ ನೋವು ಅಂತ ಬಂದರೆ ‘ಗ್ಯಾಸ್ಟ್ರಿಕ್ ಇರಬೇಕು’ ಎಂದು ಮಾತ್ರೆ ಕೊಟ್ಟು ಕಳಿಸುವ ಅಭ್ಯಾಸ ಇನ್ನೂ ಹೋಗಿಲ್ಲ. ಮೊದಲು ಬಿಪಿ ನೋಡಿ. ರವಿಕೆ ತೋಳಿನ ಮೇಲೆ ಪಟ್ಟಿ ಸುತ್ತಬೇಡಿ. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಕಟ್ಟಿದರೆ ಬಿಪಿ ಇದ್ದದ್ದಕ್ಕಿಂತ ಹೆಚ್ಚು ತೋರಿಸುತ್ತದೆ. 160/110 ಅಥವಾ ಮೇಲಿದ್ದರೆ 15 ನಿಮಿಷ ಬಿಟ್ಟು ಮತ್ತೆ ನೋಡಿ, ಅಷ್ಟರಲ್ಲಿ ಮೂತ್ರದ ಪರೀಕ್ಷೆ ಮುಗಿಸಿ. ಕಣ್ಣು ಮಂಜಾಗುತ್ತಿದ್ದರೆ, ಮೂತ್ರದಲ್ಲಿ ಪ್ರೋಟೀನ್ ಇಲ್ಲವೆಂದು ನಿರಾಳವಾಗುವಂತಿಲ್ಲ. ವೈದ್ಯರು ಬಿಪಿ ಇಳಿಸುವ ನಿಫೆಡಿಪಿನ್ 10 ಮಿ.ಗ್ರಾಂ. ಬರೆದರೆ ನುಂಗಿಸಿ. ನಾಲಿಗೆ ಕೆಳಗೆ ಇಟ್ಟರೆ ಬಿಪಿ ಒಮ್ಮೆಲೇ ಕುಸಿದು ಮಗುವಿಗೆ ರಕ್ತ ಸಾಲದಾಗುತ್ತದೆ.

ಫಿಟ್ಸ್ ತಡೆಯುವ ಮ್ಯಾಗ್‌ಸಲ್ಫ್ (ಮೆಗ್ನೀಸಿಯಂ ಸಲ್ಫೇಟ್) ಕೊಡಲು ಫಿಟ್ಸ್ ಬರಲೆಂದು ಕಾಯುವುದು ತಪ್ಪು. 50% ಆಂಪೂಲಿನ 2 ಮಿ.ಲೀ.ನಲ್ಲಿ ಇರುವುದು 1 ಗ್ರಾಂ. ವೈದ್ಯರಿದ್ದರೆ 4 ಆಂಪೂಲ್ (8 ಮಿ.ಲೀ.) ಜೊತೆ 12 ಮಿ.ಲೀ. ಸಲೈನ್ ಬೆರೆಸಿ, ನಿಧಾನವಾಗಿ 5ರಿಂದ 10 ನಿಮಿಷ ಐವಿ (ರಕ್ತನಾಳಕ್ಕೆ). ಆಮೇಲೆ ಎರಡೂ ಕಡೆ ಸೊಂಟಕ್ಕೆ ಆಳವಾಗಿ 5 ಗ್ರಾಂನಂತೆ. ಅವಸರದಲ್ಲಿ ತಳ್ಳಿದರೆ ಉಸಿರೇ ನಿಲ್ಲಬಹುದು. ವೈದ್ಯರಿಲ್ಲದ ಪಿಎಚ್‌ಸಿಯಲ್ಲಿ ಸಿಸ್ಟರ್ ಸೊಂಟದ ಎರಡು ಇಂಜೆಕ್ಷನ್ ಕೊಟ್ಟು ಕಳಿಸಿದರೆ ಸಾಕು. 4 ಗಂಟೆಗೊಮ್ಮೆ ಮುಂದಿನ ಡೋಸ್ ಕೊಡುವ ಮುನ್ನ ನೋಡಿ: ಮಂಡಿ ತಟ್ಟಿದರೆ ಕಾಲು ಎಗರಬೇಕು, ನಿಮಿಷಕ್ಕೆ ಉಸಿರು ಕನಿಷ್ಠ 16 ಇರಬೇಕು, ಆ 4 ಗಂಟೆಯಲ್ಲಿ ಮೂತ್ರ ಕನಿಷ್ಠ 100 ಮಿ.ಲೀ. ಆಗಿರಬೇಕು. ಒಂದು ತಪ್ಪಿದರೂ ನಿಲ್ಲಿಸಿ. ಮ್ಯಾಗ್‌ಸಲ್ಫ್ ಹೆಚ್ಚಾದರೆ ಕೊಡುವ ಪ್ರತಿಮದ್ದು ಕ್ಯಾಲ್ಸಿಯಂ ಗ್ಲುಕೊನೇಟ್ 10%, 10 ಮಿ.ಲೀ., ಅದೇ ಟ್ರೇಯಲ್ಲಿರಲಿ; ಸ್ಟೋರಿನ ಬೀಗ ಹುಡುಕುವ ಹೊತ್ತಲ್ಲ ಅದು.

24ರಿಂದ 34 ವಾರದೊಳಗಿದ್ದರೆ ಮಗುವಿನ ಶ್ವಾಸಕೋಶ ಬಲಿಯಲು ಡೆಕ್ಸಾಮೆಥಸೋನ್ ಇಂಜೆಕ್ಷನ್. ಬಹಳ ಸಲ ತಪ್ಪಿಹೋಗುವುದು ಇದೇ, ‘ದೊಡ್ಡಾಸ್ಪತ್ರೆಯಲ್ಲಿ ಕೊಡ್ತಾರೆ ಬಿಡಿ’ ಎನ್ನುವ ಮಾತಿನಿಂದ. 12 ಗಂಟೆಗೊಮ್ಮೆ 6 ಮಿ.ಗ್ರಾಂ., ಒಟ್ಟು 4 ಡೋಸ್. ವಯಲ್ 4 ಮಿ.ಗ್ರಾಂ./ಮಿ.ಲೀ. ಆದ್ದರಿಂದ ಎಳೆಯಬೇಕಾದ್ದು 1.5 ಮಿ.ಲೀ., ಪೂರ್ತಿ ವಯಲ್ ಅಲ್ಲ. ಕೋರ್ಸ್ ಮುಗಿಯುವ ಮೊದಲೇ ಹೆರಿಗೆಯಾದರೂ ಕೊಟ್ಟ ಡೋಸ್ ಶ್ವಾಸಕೋಶಕ್ಕೆ ನೆರವಾಗುತ್ತದೆ. ರೆಫರಲ್ ಚೀಟಿಯಲ್ಲಿ ಗಂಟೆ-ನಿಮಿಷ ಬರೆಯಿರಿ. ‘ಇಂಜೆಕ್ಷನ್ ಕೊಟ್ಟಿದೆ’ ಎಂದಷ್ಟೇ ಇದ್ದರೆ ಅಲ್ಲಿನವರು ಎರಡನೆಯದನ್ನು ಯಾವಾಗ ಕೊಡಬೇಕು?

ಹೆರಿಗೆ ಇಲ್ಲೇ ಆಗಿಹೋದರೆ ರಕ್ತಸ್ರಾವ ತಡೆಯಲು ಮೆಥರ್ಜಿನ್ ಮುಟ್ಟಬೇಡಿ, ಬಿಪಿ ಇನ್ನೂ ಏರುತ್ತದೆ. ಅದರ ಬದಲು ಆಕ್ಸಿಟೋಸಿನ್ 10 ಯೂನಿಟ್ ಸ್ನಾಯುವಿಗೆ. 32 ವಾರ ತುಂಬದ ಮಗುವನ್ನು ಒರೆಸುತ್ತ ಕೂರದೆ, ಒದ್ದೆಯಿದ್ದಂತೆಯೇ ಕುತ್ತಿಗೆವರೆಗೆ ಶುಭ್ರ ಪ್ಲಾಸ್ಟಿಕ್ ಚೀಲದಲ್ಲಿಟ್ಟು ವಾರ್ಮರ್ ಕೆಳಗೆ ಮಲಗಿಸಿ, ಟೊಪ್ಪಿಗೆ ಹಾಕಿ. ಫ್ಯಾನ್ ಆಫ್. ಉಸಿರು ಸರಿಯಿದ್ದು ಎಸ್‌ಎನ್‌ಸಿಯುಗೆ (ನವಜಾತ ಶಿಶುಗಳ ವಿಶೇಷ ಆರೈಕೆ ಘಟಕ) ಒಯ್ಯುವಾಗ ಇನ್‌ಕ್ಯುಬೇಟರ್ ಇಲ್ಲದಿದ್ದರೆ ಮಗು ಎದೆಗೆ ಎದೆ ತಾಗಿ ಇರಲಿ. ತಾಯಿಗೆ ಆಗದಿದ್ದರೆ ಜೊತೆಗೆ ಬಂದ ಅಜ್ಜಿಯೋ ಅಪ್ಪನೋ ಸೈ.