ಬೇಲಿಯಾಚೆಯ ನಿಂಬೆ ಗಿಡ

ಹೋದ ವರ್ಷ ಮಾರ್ಚ್‌ನಲ್ಲಿ ಒಂದು ಬೆಳಿಗ್ಗೆ ನಾನು, ನಮ್ಮ ಸರ್ವೇಯರ್ ಇಬ್ಬರೂ ಒಬ್ಬರ ಹಿತ್ತಲಲ್ಲಿ ಬಗ್ಗಿ ನೆಲ ಕೆದಕುತ್ತಿದ್ದೆವು. ಲೋಹ ಹುಡುಕುವ ಯಂತ್ರ ಕುಂಯ್ ಅಂದ ಕಡೆ ಅಗೆದರೆ ತುಕ್ಕು ಹಿಡಿದ ಕಬ್ಬಿಣದ ಪೈಪು ಸಿಕ್ಕಿತು. ಅದೇ ಗಡಿ ಗುರುತು. ನಮ್ಮಲ್ಲಿ ಬಾಂದು ಕಲ್ಲು ಇರುತ್ತದಲ್ಲ, ನಾನಿರುವ ಕ್ಯಾಲಿಫೋರ್ನಿಯಾದಲ್ಲಿ ಅದರ ಬದಲು ಪೈಪು. ಆದರೆ ಬೇಲಿ ಅಲ್ಲಿರಲಿಲ್ಲ. ನಾಲ್ಕು ಅಡಿ ಆಚೆ, ನಾನು ಕೆಲಸ ಮಾಡುವ ನಗರಾಡಳಿತದ ಜಾಗದಲ್ಲಿತ್ತು. ಆ ನಾಲ್ಕು ಅಡಿಯಲ್ಲಿ ಒಂದು ನಿಂಬೆ ಗಿಡ, ಮೈತುಂಬಾ ಹಣ್ಣು.

ಮನೆಯ ಅಜ್ಜಿ ಹೊರಗೆ ಬಂದರು. ತೀರಿಹೋದ ತಮ್ಮ ಯಜಮಾನರು ನೆಟ್ಟ ಗಿಡ ಅಂತ ಹೇಳಿದರು. ಬೇಲಿ ಮಾತ್ರ ಅವರು ಮನೆ ಕೊಳ್ಳುವ ಮುಂಚೆಯೇ ಅಲ್ಲಿತ್ತಂತೆ. ಒಂದು ಚೀಲ ನಿಂಬೆಹಣ್ಣು ತಂದು ನನ್ನ ಕೈಗೆ ಕೊಡಲು ಬಂದರು. ಫೈಲ್ ನನ್ನ ಟೇಬಲ್ ಮೇಲಿರುವಾಗ ತೆಗೆದುಕೊಳ್ಳುವುದು ಸರಿಯಲ್ಲ ಅಂತ ಮೆಲ್ಲಗೆ ಹೇಳಿ ವಾಪಸ್ ಕೊಟ್ಟೆ. ನಾವು ಪ್ರತಿ ವರ್ಷ ಫಾರ್ಮ್ 700 ಅಂತ ಒಂದು ಘೋಷಣೆ ತುಂಬಬೇಕು. ನನ್ನ ಹೂಡಿಕೆ, ಆಸ್ತಿ, ಬಂದ ಉಡುಗೊರೆ ಎಲ್ಲ ಅದರಲ್ಲಿ. ಯಾರು ಬೇಕಾದರೂ ಕೇಳಿ ಪಡೆದು ಓದಬಹುದು. ನಾಲ್ಕು ನಿಂಬೆಹಣ್ಣಿಗೆ ಆ ಫಾರ್ಮ್‌ನಲ್ಲಿ ಜಾಗವೇ ಬೇಕಿಲ್ಲ, ನಿಜ. ಆದರೂ ಅವತ್ತು ಮನಸ್ಸು ಒಪ್ಪಲಿಲ್ಲ.

ನಾನು ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ಒಂದು ನಗರಾಡಳಿತದ ರಿಯಲ್ ಎಸ್ಟೇಟ್ ವಿಭಾಗದಲ್ಲಿದ್ದೇನೆ. ಈ ಕಡೆ ಇರುವ ಕನ್ನಡಿಗರೆಂದರೆ ಸಾಫ್ಟ್‌ವೇರ್ ಅಂತಲೇ ಊರಲ್ಲಿ ಅಂದುಕೊಳ್ಳುತ್ತಾರೆ. ನನ್ನದು ಜಾಗದ ಕೆಲಸ. ನಗರಕ್ಕೆ ಬೇಕಾದ ಜಾಗ ಕೊಳ್ಳುವುದು, ಬೇಡವಾದದ್ದನ್ನು ಮಾರುವುದು, ಕಟ್ಟಡ ಬಾಡಿಗೆಗೆ ಕೊಡುವುದು, ನಮಗೆ ಬೇಕಾದಾಗ ಬೇರೆಯವರ ಕಟ್ಟಡ ಬಾಡಿಗೆಗೆ ಹಿಡಿಯುವುದು. ನಗರದ ಆಸ್ತಿ ಅಂದರೆ ಲೈಬ್ರರಿ, ಪಾರ್ಕು, ಅಗ್ನಿಶಾಮಕ ಠಾಣೆ ಇಷ್ಟೇ ಅಲ್ಲ. ರಸ್ತೆ ಅಗಲ ಮಾಡಲು ಎಂದೋ ಕೊಂಡು ಹಾಗೇ ಬಿಟ್ಟ ಮನೆಗಳಿವೆ. ಗುಡ್ಡದ ಮೇಲೆ ನೀರಿನ ಟ್ಯಾಂಕ್, ಅದರ ಪಕ್ಕ ಮೊಬೈಲ್ ಕಂಪನಿಯ ಟವರ್ ಇದೆ. ತೊರೆಯ ದಡದಲ್ಲಿ ರಿಬ್ಬನ್ನಿನ ಹಾಗೆ ಉದ್ದಕ್ಕೆ ಹೋಗುವ ತುಂಡು ಜಾಗಗಳಿವೆ. ನಿಂಬೆ ಗಿಡ ಇದ್ದದ್ದು ಅಂಥ ಒಂದು ತುಂಡಿನಲ್ಲಿ.

ಈ ಕೆಲಸದ ರುಚಿ ಹತ್ತಿದ್ದು ಇಲ್ಲಿ ಅಲ್ಲ. ಅಪ್ಪ ನಮ್ಮೂರ ಪುರಸಭೆಯಲ್ಲಿ ಗುಮಾಸ್ತರಾಗಿದ್ದರು. ಬಸ್‌ಸ್ಟ್ಯಾಂಡ್ ಮಳಿಗೆಗಳ ಲೆಕ್ಕ ಅವರ ಪಾಲಿಗಿತ್ತು. ಹರಾಜಿನ ದಿನ ಶಾಲೆ ಬಿಟ್ಟು ನಾನೂ ಹೋಗಿ ನಿಲ್ಲುತ್ತಿದ್ದೆ. ಸವಾಲು ಕೂಗುವವರ ಗದ್ದಲ, ಠೇವಣಿ ಕಟ್ಟಲು ಸಾಲು, ಜಾಗ ಸಿಕ್ಕವರ ಮುಖದ ನಗು. ಮನೆಗೆ ಬಂದ ಮೇಲೆ ಅಪ್ಪ ಡಿ.ಸಿ.ಬಿ. ರಿಜಿಸ್ಟರ್ ಬಿಚ್ಚಿ ಕೂರುತ್ತಿದ್ದರು. ಬೇಡಿಕೆ, ವಸೂಲಿ, ಬಾಕಿ, ಮೂರು ಅಂಕಣ. ಕರಾರು ಮುಗಿದ ಮಳಿಗೆಗಳ ಮುಂದೆ ಕೆಂಪು ಪೆನ್ಸಿಲ್ಲಿನ ಒಂದು ಗೆರೆ. ವರ್ಷ ಕಳೆದಂತೆ ಗೆರೆಗಳೇ ಜಾಸ್ತಿಯಾದವು. ಹರಾಜಿನಲ್ಲಿ ಹಿಡಿದವರೊಬ್ಬರು, ಒಳಬಾಡಿಗೆಗೆ ಕೂತವರೊಬ್ಬರು. ಪುರಸಭೆಗೆ ಬರುವುದು ಹಳೇ ಬಾಡಿಗೆ, ಒಳಬಾಡಿಗೆ ಅದರ ಹತ್ತು ಪಟ್ಟು. ಅಪ್ಪ ಟಿಪ್ಪಣಿ ಬರೆದು ಮೇಲೆ ಕಳಿಸುತ್ತಿದ್ದರು. ಅದು ಹಾಗೇ ಕೆಳಗೆ ಬರುತ್ತಿತ್ತು. "ಯಾರ ಅಪ್ಪನ ಆಸ್ತಿ ಅಂತ ಯಾರೂ ಕೇಳಲ್ಲ ಕಣೋ" ಅಂತ ಅವರು ಒಮ್ಮೆ ಹೇಳಿದ್ದು ಇವತ್ತಿಗೂ ಕಿವಿಯಲ್ಲಿದೆ.

ಇಲ್ಲಿ ನನ್ನ ಕೈಗೆ ಮೊದಲು ಬಂದದ್ದೂ ಒಂದು ಪಟ್ಟಿಯೇ. ಪೆನ್ಸಿಲ್ ಬದಲು ಎಕ್ಸೆಲ್ ಶೀಟ್. ಲೀಸ್ ಶುರುವಾದ ದಿನ, ಮುಗಿಯುವ ದಿನ, ಮುಂದುವರಿಸಲು ಯಾವಾಗ ಪತ್ರ ಕೊಡಬೇಕು, ಇನ್ಶೂರೆನ್ಸ್ ಯಾವಾಗ ಮುಗಿಯುತ್ತದೆ, ಬಾಡಿಗೆ ಯಾವ ತಿಂಗಳು ಏರುತ್ತದೆ. ಬೆಲೆ ಕಟ್ಟುವುದು, ಚೌಕಾಸಿ ಮಾಡುವುದು ಆಮೇಲೆ. ಈ ತಾರೀಕುಗಳನ್ನು ಕಾಯುವುದೇ ನಿಜವಾದ ಕೆಲಸ ಅಂತ ನನಗೆ ಬಲವಾಗಿ ಅನಿಸಿದೆ. ತಾರೀಕು ತಪ್ಪಿದರೆ ಇಲ್ಲಿಯೂ ನಮ್ಮೂರ ಬಸ್‌ಸ್ಟ್ಯಾಂಡೇ.

ಒಂದು ಉದಾಹರಣೆ ಹೇಳುತ್ತೇನೆ. ನಗರದ ಒಂದು ಹಳೇ ಕಟ್ಟಡದಲ್ಲಿ ಸೋಫಾಗೆ ಹೊಸ ಬಟ್ಟೆ ಹಾಕಿಕೊಡುವ ಅಂಗಡಿ ಇದೆ. ಅದರ ಲೀಸ್ 2011ರಲ್ಲೇ ಮುಗಿದಿತ್ತು. ಮುಗಿದ ಮೇಲೂ ಬಾಡಿಗೆ ಕೊಡುತ್ತಾ ಹೋದರೆ, ನಾವು ತೆಗೆದುಕೊಳ್ಳುತ್ತಾ ಹೋದರೆ, ಅದು ತಿಂಗಳಿಂದ ತಿಂಗಳಿಗೆ ನಡೆಯುವ ಬಾಡಿಗೆಯಾಗುತ್ತದೆ. ಇದಕ್ಕೆ ಇಲ್ಲಿ ಹೋಲ್ಡೋವರ್ ಅನ್ನುತ್ತಾರೆ. ಬಾಡಿಗೆ ಅದೇ ಹಳೇ ದರ. ನಾನು ಹೋದಾಗ ಮಾಲೀಕರು ಬಿಸ್ಕತ್ತಿನ ಡಬ್ಬಿಯಿಂದ ಮಡಚಿಟ್ಟ ಕರಾರು ಪತ್ರ ತೆಗೆದರು. ಮಡಿಕೆಯಲ್ಲಿ ಅಕ್ಷರ ಅಳಿಸಿಹೋಗಿತ್ತು. "ಖಾಲಿ ಮಾಡಿಸೋಕೆ ಬಂದಿದ್ದೀರಾ?" ಅಂತ ಕೇಳಿದರು. ಕೈ ನಡುಗುತ್ತಿತ್ತು.

ಅಲ್ಲಿಯವರೆಗೆ ನಾನು ಲೆಕ್ಕ ಹಾಕಿದ್ದು ನಗರಕ್ಕಾದ ನಷ್ಟವನ್ನು ಮಾತ್ರ. ಅವರ ಕಷ್ಟ ಅವತ್ತು ಕಣ್ಣಿಗೆ ಬಿತ್ತು. ಕೈಯಲ್ಲಿ ಲೀಸ್ ಇಲ್ಲ ಅಂತ ಹೊಸ ಹೊಲಿಗೆ ಯಂತ್ರಕ್ಕೆ ಬ್ಯಾಂಕ್ ಸಾಲ ಕೊಟ್ಟಿರಲಿಲ್ಲ. ಮೂಲೆಯಲ್ಲಿ ಸೂರು ಸೋರುತ್ತಿತ್ತು, ಕೆಳಗೆ ಬಕೆಟ್. ನಾಳೆ ಇರುತ್ತೇವೋ ಇಲ್ಲವೋ ಅಂತ ಅವರು ರಿಪೇರಿ ಮಾಡಿಸಿಲ್ಲ. ಕೇಳುವವರಿಲ್ಲ ಅಂತ ನಾವೂ ಮಾಡಿಸಿಲ್ಲ. ಕಡಿಮೆ ಬಾಡಿಗೆ ಅನ್ನುವುದು ಅವರಿಗೂ ಲಾಭವಾಗಿರಲಿಲ್ಲ.

ಸುಮ್ನೆ ಹಳೇ ದರಕ್ಕೇ ಬರೆದುಕೊಡುವ ಹಾಗಿಲ್ಲ. ಸಾರ್ವಜನಿಕ ಹಣವನ್ನು ಯಾರಿಗೂ ದಾನವಾಗಿ ಕೊಡಬಾರದು ಅಂತ ಈ ರಾಜ್ಯದ ಸಂವಿಧಾನದಲ್ಲೇ ಇದೆ. ಮಾರುಕಟ್ಟೆ ದರ ಎಷ್ಟು ಅಂತ ಮೌಲ್ಯಮಾಪಕರಿಂದ ವರದಿ ತರಿಸಿದೆವು. ಒಂದೇ ಸಲ ಏರಿಸದೆ ಮೂರು ವರ್ಷದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಏರಿಸುವುದು ಅಂತಾಯಿತು. ಐದು ವರ್ಷದ ಲೀಸ್, ಬೇಕಾದರೆ ಇನ್ನೈದು. ಸೂರಿನ ರಿಪೇರಿ ನಗರದ್ದು. ಒಂದು ವಿಷಯವನ್ನು ಅವರಿಗೆ ಎರಡು ಸಲ ಬಿಡಿಸಿ ಹೇಳಿದೆ. ನಗರದ ಆಸ್ತಿಗೆ ಆಸ್ತಿ ತೆರಿಗೆ ಇಲ್ಲ. ಆದರೆ ಅದನ್ನು ಬಾಡಿಗೆಗೆ ಹಿಡಿದ ಖಾಸಗಿಯವರ ಹಕ್ಕಿನ ಮೇಲೆ ಕೌಂಟಿ (ನಮ್ಮ ಜಿಲ್ಲಾಡಳಿತ ಇದ್ದ ಹಾಗೆ) ತೆರಿಗೆ ಹಾಕುತ್ತದೆ, ಪೊಸೆಸರಿ ಇಂಟರೆಸ್ಟ್ ಟ್ಯಾಕ್ಸ್ ಅಂತ. ಇದು ಗೊತ್ತಿಲ್ಲದೆ ಬಿಲ್ ನೋಡಿ ಗಾಬರಿಯಾಗುವವರು ತುಂಬಾ ಜನ. ಕರಾರಿನಲ್ಲಿ ಬರೆದಿರುತ್ತದೆ, ಆದರೆ ಅಷ್ಟು ಪುಟ ಓದುವವರು ಯಾರು ಹೇಳಿ?

ಈ ಲೀಸ್ ಒಪ್ಪಿಗೆಗೆ ಬಂದ ನಗರ ಕೌನ್ಸಿಲ್ ಸಭೆಗೆ ಅಂಗಡಿಯವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದರು. ಮೈಕ್ ಮುಂದೆ ನಿಂತು ಅರ್ಧ ನಿಮಿಷ ಮಾತಾಡಿದರು. ಅಂಗಡಿ ಎಷ್ಟು ವರ್ಷದಿಂದ ಇದೆ ಅಂತ ಹೇಳಿ ಥ್ಯಾಂಕ್ಸ್ ಅಂದು ಕೂತರು.

ಸಭೆಯ ವಿಷಯ ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. 1953ರಿಂದ ಇಲ್ಲಿ ಬ್ರೌನ್ ಆಕ್ಟ್ ಅಂತ, ಇಂಥ ಸಭೆಗಳು ಜನರ ಮುಂದೆಯೇ ನಡೆಯಬೇಕು ಅನ್ನುವ ಕಾನೂನಿದೆ. ಕೌನ್ಸಿಲ್‌ನ ಮಾಮೂಲಿ ಸಭೆಗೆ 72 ಗಂಟೆ ಮೊದಲೇ ಅಜೆಂಡಾ ಹಾಕಬೇಕು. ಅದರಲ್ಲಿ ಇಲ್ಲದ ವಿಷಯವನ್ನು ಸಾಮಾನ್ಯವಾಗಿ ತೀರ್ಮಾನ ಮಾಡುವ ಹಾಗಿಲ್ಲ. ಜಾಗದ ವಿಷಯದಲ್ಲಿ ಬೆಲೆ, ಹಣ ಕೊಡುವ ಷರತ್ತು ಮಾತಾಡಲು ಮಾತ್ರ ಬಾಗಿಲು ಹಾಕಿಕೊಳ್ಳಬಹುದು. ನಮ್ಮ ಮೇಲ್ಮಿತಿ ಎಷ್ಟು ಅಂತ ಎದುರಿನವರಿಗೆ ಗೊತ್ತಾದರೆ ಚೌಕಾಸಿ ಹೇಗೆ ಮಾಡುವುದು, ಅಲ್ವಾ? ಆದರೆ ಒಳಗೆ ಹೋಗುವ ಮೊದಲು ಯಾವ ಜಾಗ, ನಮ್ಮ ಪರವಾಗಿ ಯಾರು ಮಾತಾಡುತ್ತಾರೆ, ಯಾರ ಜೊತೆ ಅಂತ ಬಹಿರಂಗವಾಗಿ ಹೇಳಲೇಬೇಕು. ಹಾಗಾಗಿ ನನ್ನ ಕೆಲಸಗಳೆಲ್ಲ ತಿಂಗಳುಗಟ್ಟಲೆ ಎಳೆಯುತ್ತವೆ. ಮಾರುವ ಕೆಲಸವಾದರಂತೂ ಇನ್ನೂ ನಿಧಾನ. 1968ರ ಸರ್‌ಪ್ಲಸ್ ಲ್ಯಾಂಡ್ ಆಕ್ಟ್ ಇದೆ, 2019ರಲ್ಲಿ ಅದನ್ನು ಬಿಗಿ ಮಾಡಿದರು. ನಗರಕ್ಕೆ ಬೇಡವಾದ ಜಾಗವನ್ನು ಮೊದಲು ಕಡಿಮೆ ಆದಾಯದವರಿಗೆ ಮನೆ ಕಟ್ಟುವವರಿಗೆ ತಿಳಿಸಬೇಕು. ಆಸಕ್ತಿ ಹೇಳಲು ಅವರಿಗೆ 60 ದಿನ. ಯಾರಾದರೂ ಮುಂದೆ ಬಂದರೆ ಕನಿಷ್ಠ 90 ದಿನ ಅವರ ಜೊತೆ ಪ್ರಾಮಾಣಿಕವಾಗಿ ಮಾತುಕತೆ. ಈ ನಿಯಮ ಮುರಿದು ಮಾರಿದರೆ ಮೊದಲ ಸಲ ಮಾರಾಟದ ಬೆಲೆ, ಮಾರುಕಟ್ಟೆ ಬೆಲೆ ಎರಡರಲ್ಲಿ ಯಾವುದು ಹೆಚ್ಚೋ ಅದರ ಶೇಕಡಾ 30 ದಂಡ.

ನಿಧಾನವಾಯಿತು ಅಂತ ಗೊಣಗುವವರಿಗೆ ನಾನು ಶಿಕಾಗೊ ಕಥೆ ಹೇಳುತ್ತೇನೆ. 2008ರ ಡಿಸೆಂಬರ್‌ನಲ್ಲಿ ಆ ನಗರ ತನ್ನ ಸುಮಾರು 36,000 ಪಾರ್ಕಿಂಗ್ ಮೀಟರ್‌ಗಳನ್ನು 75 ವರ್ಷಕ್ಕೆ ಗುತ್ತಿಗೆ ಕೊಟ್ಟಿತು. ಬಂದದ್ದು ಸುಮಾರು 115 ಕೋಟಿ ಡಾಲರ್. ಪ್ರಸ್ತಾವ ಬಂದ ಕೆಲವೇ ದಿನದಲ್ಲಿ ಕೌನ್ಸಿಲ್ ಒಪ್ಪಿಬಿಟ್ಟಿತು. ಮರುವರ್ಷ ಅದೇ ನಗರದ ಇನ್‌ಸ್ಪೆಕ್ಟರ್ ಜನರಲ್ (ಪೊಲೀಸ್ ಅಲ್ಲ, ನಗರಾಡಳಿತದ ಲೋಪಗಳನ್ನು ತನಿಖೆ ಮಾಡುವ ಅಧಿಕಾರಿ) ವರದಿ ಕೊಟ್ಟರು. ಇನ್ನೂ ಸುಮಾರು 97 ಕೋಟಿ ಡಾಲರ್ ಬರಬೇಕಿತ್ತು ಅಂತ. ಬೀದಿ ಮುಚ್ಚಿ ಮೀಟರ್ ನಿಂತರೆ, ಒಂದು ಮಿತಿ ದಾಟಿದ ಮೇಲೆ ನಗರವೇ ಗುತ್ತಿಗೆದಾರರಿಗೆ ಪರಿಹಾರ ಕಟ್ಟಿಕೊಡಬೇಕು. ಅವತ್ತು ಹುಟ್ಟಿದ ಮಗುವಿಗೆ 75 ತುಂಬುವವರೆಗೆ ಇದು ನಡೆಯಬೇಕು. ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ.

ಕೊಳ್ಳುವ ದಿನ ನಮ್ಮಲ್ಲಿನ ಹಾಗೆ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಹೆಬ್ಬೆಟ್ಟು ಒತ್ತಲು ಕಾಯುವ ಗದ್ದಲ ಇಲ್ಲಿಲ್ಲ. ಮಾರುವವರು ನೋಟರಿ ಮುಂದೆ ಸಹಿ ಹಾಕುತ್ತಾರೆ. ದುಡ್ಡು, ಪತ್ರ ಎರಡೂ ಎಸ್ಕ್ರೋ ಅನ್ನುವ ಮಧ್ಯಸ್ಥರ ಕೈಗೆ ಹೋಗುತ್ತವೆ. ಎಲ್ಲ ಸರಿಯಿದ್ದರೆ ಅವರು ಪತ್ರವನ್ನು ಕೌಂಟಿಯಲ್ಲಿ ದಾಖಲು ಮಾಡಿಸಿ ದುಡ್ಡು ಬಿಡುತ್ತಾರೆ. ನಮ್ಮ ಇ.ಸಿ. ಇದ್ದ ಹಾಗೆ ಟೈಟಲ್ ಕಂಪನಿ ಕೊಡುವ ವರದಿ ಇರುತ್ತದೆ. ನನಗೆ ಇಷ್ಟವಾದ ನಿಯಮ ಒಂದಿದೆ. ನಗರಕ್ಕೆ ಯಾರಾದರೂ ಜಾಗವನ್ನು ಪುಕ್ಕಟೆ ಕೊಟ್ಟರೂ, ನಗರ ಒಪ್ಪಿಕೊಂಡಿದೆ ಅನ್ನುವ ಪ್ರಮಾಣಪತ್ರ ಜೊತೆಗಿಲ್ಲದೆ ಆ ಪತ್ರ ದಾಖಲಾಗುವುದಿಲ್ಲ. ಜಾಗ ಬಂತೆಂದರೆ ಅದರ ಹುಲ್ಲು, ಕಸ, ಹೊಣೆ ಎಲ್ಲ ಬರುತ್ತದೆ. ಹಾಗಾಗಿ ಆ ಸಹಿಯನ್ನು ಯಾರೂ ಕಣ್ಣು ಮುಚ್ಚಿ ಹಾಕುವುದಿಲ್ಲ.

ರಸ್ತೆಗೋ ಸೇತುವೆಗೋ ಬಲವಂತವಾಗಿ ಜಾಗ ತೆಗೆದುಕೊಳ್ಳಬೇಕಾಗಿ ಬಂದಾಗ ಮಾತ್ರ ರಾತ್ರಿ ನಿದ್ದೆ ಸರಿಯಾಗಿ ಬರುವುದಿಲ್ಲ. ಕೌನ್ಸಿಲ್‌ನ ಮೂರನೇ ಎರಡರಷ್ಟು ಸದಸ್ಯರು ಒಪ್ಪಬೇಕು. ನಮ್ಮ ಬೆಲೆ ಸರಿಯೋ ಅಂತ ನೋಡಲು ಮಾಲೀಕರು ತಮ್ಮದೇ ಮೌಲ್ಯಮಾಪಕರನ್ನು ಇಟ್ಟುಕೊಳ್ಳಬಹುದು, ಆ ಖರ್ಚಿನಲ್ಲಿ 5,000 ಡಾಲರ್‌ವರೆಗೆ ನಗರವೇ ಕೊಡಬೇಕು. ಇದನ್ನು ನಾನು ಮೊದಲ ಭೇಟಿಯಲ್ಲೇ ಹೇಳುತ್ತೇನೆ. ಊರಲ್ಲಿ ಜಮೀನು ಕಳೆದುಕೊಂಡು ಪರಿಹಾರಕ್ಕೆ ಅಲೆದ ನಮ್ಮ ದೊಡ್ಡಪ್ಪನ ಚಪ್ಪಲಿ ಸವೆದದ್ದನ್ನು ನಾನು ನೋಡಿದ್ದೇನೆ.

ಮತ್ತೆ ನಿಂಬೆ ಗಿಡದ ವಿಷಯ. ಇಲ್ಲಿ ಖಾಸಗಿ ಜಾಗವನ್ನು ಐದು ವರ್ಷ ಬಹಿರಂಗವಾಗಿ ಅನುಭವಿಸಿ, ತೆರಿಗೆಯನ್ನೂ ಕಟ್ಟಿದ್ದರೆ ಹಕ್ಕು ಕೇಳಬಹುದು. ಸಾರ್ವಜನಿಕ ಜಾಗಕ್ಕೆ ಅದು ನಡೆಯುವುದಿಲ್ಲ. ನಮ್ಮ ದೇಶದಲ್ಲಿ ಸರ್ಕಾರಿ ಜಾಗಕ್ಕೆ 30 ವರ್ಷದ ಲೆಕ್ಕ ಇದೆ, ಇಲ್ಲಿ ಅದೂ ಇಲ್ಲ. ಅಂದರೆ ನಾಲ್ಕು ಅಡಿ ನಗರದ್ದೇ. ತೊರೆಯ ಪಕ್ಕ ನಡೆದಾಡುವ ದಾರಿ ಮಾಡುವ ಯೋಜನೆ ಇದೆ, ಯಾವತ್ತು ಅಂತ ಇನ್ನೂ ತೀರ್ಮಾನವಾಗಿಲ್ಲ. ಅಲ್ಲಿಯವರೆಗೆ ಬೇಲಿ ಕಿತ್ತು, ಗಿಡ ಕಡಿದು ಯಾರಿಗೆ ಏನು ಸಿಗಬೇಕು? ಲೀಸ್ ಕೊಡಲಿಲ್ಲ. ಲೈಸೆನ್ಸ್ ಕೊಟ್ಟೆವು. ಅದು ಬರೀ ಅನುಮತಿ, ನಗರಕ್ಕೆ ಬೇಕಾದಾಗ 30 ದಿನದ ನೋಟಿಸ್ ಕೊಟ್ಟು ವಾಪಸ್ ಪಡೆಯಬಹುದು. ಅಜ್ಜಿ ಕನ್ನಡಕ ಹಾಕಿಕೊಂಡು ಒಂದೊಂದು ಪುಟವನ್ನೂ ಓದಿ, ನಾಲ್ಕು ಪ್ರಶ್ನೆ ಕೇಳಿ, ಆಮೇಲೆ ಸಹಿ ಹಾಕಿದರು.

ಆಫೀಸಿಗೆ ಬಂದು ಪಟ್ಟಿಯಲ್ಲಿ ಹೊಸ ಸಾಲು ಸೇರಿಸಿದೆ. ಪಾರ್ಸೆಲ್ ನಂಬರ್ (ನಮ್ಮ ಸರ್ವೆ ನಂಬರ್ ಇದ್ದ ಹಾಗೆ), ಸಹಿಯಾದ ದಿನ, ಮತ್ತೆ ನೋಡಬೇಕಾದ ದಿನ. ನನ್ನ ಕುರ್ಚಿಗೆ ಮುಂದೆ ಯಾರು ಬರುತ್ತಾರೋ ಗೊತ್ತಿಲ್ಲ. ಕೊನೆಯ ಅಂಕಣದಲ್ಲಿ ಅವರಿಗೆ ಒಂದು ಟಿಪ್ಪಣಿ ಬರೆದಿಟ್ಟೆ: "ಇಲ್ಲಿರುವ ನಿಂಬೆ ಗಿಡವನ್ನು ನೆಟ್ಟವರು ಮನೆಯವರ ಯಜಮಾನರು. ತೆಗೆಯಬೇಕಾಗಿ ಬಂದರೆ ನೋಟಿಸ್ ಕಳಿಸುವ ಮೊದಲು ಮನೆಗೆ ಹೋಗಿ ಹೇಳಿ."