ಸ್ಪೀಕರ್ ಹಾಳಾಗಿಲ್ಲ ಅಪ್ಪಾ

ನವೆಂಬರ್ 9, 2024, ಶನಿವಾರ
ಮಿನಿಯಾಪೊಲಿಸ್

"ನಿನ್ನ ಸ್ಪೀಕರ್ ಹರಿದಿದೆ, ಹೊಸದು ತೆಗೆದುಕೋ" ಎಂದರು ಅಪ್ಪ.

ಹರಿದಿರಲಿಲ್ಲ. ‘ಲೋ’ ಎಂಬ ಅಮೆರಿಕದ ರಾಕ್ ತಂಡದ ‘ಡಬಲ್ ನೆಗೆಟಿವ್’ ಆಲ್ಬಂ ಹಾಕಿದ್ದೆ. ಅದರ ಮೊದಲ ಹಾಡೇ ಹಾಗೆ. ಸ್ಟೇಷನ್ ಸಿಗದ ಹಳೆಯ ರೇಡಿಯೊದಂತೆ ಗೊರಗುಡುತ್ತದೆ, ನಡುವೆ ಎಲ್ಲಿಂದಲೋ ಮನುಷ್ಯರ ದನಿ ಎದ್ದು ಮತ್ತೆ ಮುಳುಗುತ್ತದೆ. ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತ ಸ್ವಲ್ಪ ಜೋರಾಗಿಯೇ ಇಟ್ಟಿದ್ದೆ. ಮೊನ್ನೆ ಮಂಗಳವಾರಕ್ಕೆ ಆ ತಂಡದ ಗಾಯಕಿ ಮಿಮಿ ಪಾರ್ಕರ್ ತೀರಿಕೊಂಡು ಎರಡು ವರ್ಷ. ಅಂದೇ ಚುನಾವಣೆ. ಕಚೇರಿಯಲ್ಲಿ ವಾರವೆಲ್ಲ ಅದೇ ಮಾತು, ಅದೇ ಜೋಲು ಮುಖಗಳು. ಮಿಮಿಗೆಂದು ಒಂದು ಗಂಟೆ ತೆಗೆದಿಡಲು ಇವತ್ತೇ ಆಗಿದ್ದು.

"ಮೊದಲಿನಿಂದಲೂ ಹೀಗೆಯೇ ಬಾರಿಸುತ್ತಿದ್ದರೇ?" ಎಂದು ಅಪ್ಪ ಕೇಳಿದರು. ಕೇಳಬಾರದಿತ್ತು. ಒಗ್ಗರಣೆ ಬದಿಗಿಟ್ಟು 1994ರ ಮೊದಲ ಆಲ್ಬಂ ಹಾಕಿದೆ.

ಆಗ ಈ ದೇಶದ ರೇಡಿಯೊ ತುಂಬ ಸಿಯಾಟಲ್ ಕಡೆಯ ಗಿಟಾರ್‌ಗಳ ಆರ್ಭಟ. ಇಲ್ಲಿಂದ ಎರಡೂವರೆ ಗಂಟೆಯ ದಾರಿ ಡುಲೂತ್. ಸುಪೀರಿಯರ್ ಸರೋವರದ ದಂಡೆಯ ಆ ಚಳಿಯೂರಿನಲ್ಲಿ ಒಬ್ಬ ಗಂಡ, ಒಬ್ಬ ಹೆಂಡತಿ, ಬಾಸ್ ನುಡಿಸುವ ಇನ್ನೊಬ್ಬ ಸೇರಿಕೊಂಡು ಸಾಧ್ಯವಾದಷ್ಟು ನಿಧಾನವಾಗಿ, ಸಾಧ್ಯವಾದಷ್ಟು ಮೆಲ್ಲಗೆ ನುಡಿಸತೊಡಗಿದರು. ಆಲನ್ ಸ್ಪಾರ್‌ಹಾಕ್ ಗಿಟಾರ್. ಮಿಮಿ ನಿಂತುಕೊಂಡೇ ಒಂದೆರಡು ಡ್ರಮ್, ಒಂದು ಸಿಂಬಲ್ ಮೇಲೆ ಬ್ರಷ್ ಆಡಿಸುತ್ತ ಹಾಡುತ್ತಿದ್ದಳು. ಜನ ಮಾತನಾಡಲು ಶುರುಮಾಡಿದರೆ ಇವರು ದನಿ ಏರಿಸುತ್ತಿರಲಿಲ್ಲ, ಇನ್ನೂ ಇಳಿಸುತ್ತಿದ್ದರು.

ಅಪ್ಪನಿಗೆ ಇದು ಹಿಡಿಸಿತು. ನಾನು ಉತ್ಸಾಹದಲ್ಲಿ "ನಿಮ್ಮ ಹಿಂದುಸ್ತಾನಿಯ ವಿಲಂಬಿತ ಖ್ಯಾಲಿನ ಹಾಗೆಯೇ ಅಲ್ಲವೇ?" ಎಂದೆ. ಧಾರವಾಡದವರ ಮುಂದೆ ಇಂಥ ಮಾತು ಆಡಿದರೆ ಏನಾಗುತ್ತದೆಯೋ ಅದೇ ಆಯಿತು.

"ನಿಧಾನವಾದದ್ದೆಲ್ಲ ವಿಲಂಬಿತವಲ್ಲ. ಅಲ್ಲಿ ಎಷ್ಟು ದೂರ ಹೋದರೂ ಸಮ್‌ಗೆ, ತಾಳದ ಮೊದಲ ಪೆಟ್ಟಿಗೆ, ಬಂದು ತೀರಿಸಬೇಕಾದ ಸಾಲ ಇರುತ್ತದೆ. ಇವರಿಗೆ ಯಾರ ಸಾಲವೂ ಇದ್ದಂತಿಲ್ಲ." ಸ್ವಲ್ಪ ಹೊತ್ತು ಬಿಟ್ಟು, "ಆದರೆ ಆ ಹೆಣ್ಣುಮಗಳ ಶ್ರುತಿ ಗಟ್ಟಿಯಿದೆ" ಎಂದರು.

ಆಮೇಲಿನದನ್ನೆಲ್ಲ ತುಣುಕು ತುಣುಕಾಗಿ ಕೇಳಿಸಿದೆ. ಸ್ಟೀವ್ ಅಲ್ಬಿನಿ ಧ್ವನಿಮುದ್ರಿಸಿದ 2001ರ ಆಲ್ಬಂ, ನನ್ನ ಪಾಲಿಗೆ ಅವರ ಅತ್ಯಂತ ಬೆಚ್ಚಗಿನ ಕೆಲಸ. ಸಬ್ ಪಾಪ್ ಎಂಬ ರೆಕಾರ್ಡ್ ಕಂಪನಿಗೆ ಬಂದ ಮೇಲಿನ 2005ರ ‘ದ ಗ್ರೇಟ್ ಡಿಸ್ಟ್ರಾಯರ್’, ಅಲ್ಲಿ ಗಿಟಾರ್ ಇದ್ದಕ್ಕಿದ್ದಂತೆ ಗರ್ಜಿಸುತ್ತದೆ; ಅದರ ಮೇಲೆ ನನಗೆ ಇವತ್ತಿಗೂ ಅರ್ಧ ಮನಸ್ಸು. 2015ರಿಂದ ಬಿ.ಜೆ. ಬರ್ಟನ್ ಎಂಬ ನಿರ್ಮಾಪಕನ ಜೊತೆ ಕೂತು ತಮ್ಮದೇ ನಾದವನ್ನು ಒಡೆಯಲು ಹೊರಟರು. 2018ರ ‘ಡಬಲ್ ನೆಗೆಟಿವ್’ನಲ್ಲಿ ದನಿಗಳನ್ನೂ ಬಿಡದೆ ಪುಡಿಮಾಡಿದರು. 2021ರ ‘ಹೇ ವಾಟ್’ಗೆ ಬರುವಾಗ ಗಿಟಾರ್ ಎಂದು ಗುರುತಿಸಲಾಗದಷ್ಟು ಗಿಟಾರ್ ಚೂರಾಗಿದೆ, ಡ್ರಮ್ ಹೆಚ್ಚುಕಡಿಮೆ ಮಾಯವಾಗಿದೆ, ಇಬ್ಬರ ದನಿ ಮಾತ್ರ ಎಲ್ಲದರ ಮೇಲೆ ನೆಟ್ಟಗೆ ನಿಂತಿದೆ. ಮೂರು ದಶಕ ಹತ್ತಿರವಾದ ಮೇಲೆ ಇಷ್ಟು ಧೈರ್ಯ ಮಾಡಿದ ತಂಡ ನನಗೆ ಬೇರೆ ಗೊತ್ತಿಲ್ಲ. ಹೆಚ್ಚಿನವರು ಆ ವಯಸ್ಸಿಗೆ ಹಳೆಯ ಹಾಡುಗಳನ್ನೇ ಹಾಡಿಕೊಂಡು ಊರೂರು ತಿರುಗುತ್ತಿರುತ್ತಾರೆ.

"ಅವಳು ಬರೀ ಹಿಂದೆ ನಿಂತು ದನಿಗೂಡಿಸುವವಳಲ್ಲ" ಎಂದರು ಅಪ್ಪ. "ಈಗಲೂ ಹಾಡುತ್ತಾಳೆಯೇ?"

ಇಲ್ಲ ಎಂದೆ. ಅಂಡಾಶಯದ ಕ್ಯಾನ್ಸರ್. 55 ವಯಸ್ಸು. ಅಲ್ಲಿಗೆ ತಂಡವೂ ಮುಗಿಯಿತು.

ಅಪ್ಪ ಕನ್ನಡಕ ತೆಗೆದು ಒರೆಸಿಕೊಂಡರು. ಅವರಿಗೆ ನೆನಪಾದದ್ದು ಕೃಷ್ಣಾ. ಗಂಗೂಬಾಯಿ ಹಾನಗಲ್ಲರ ಪಕ್ಕದಲ್ಲಿ ಅಷ್ಟು ವರ್ಷ ಕೂತು, ತಾಯಿ ಬಿಟ್ಟಲ್ಲಿಂದ ಎತ್ತಿಕೊಂಡು ಹಾಡಿದ ಮಗಳು. 2004ರಲ್ಲಿ ಅವರನ್ನು ಕ್ಯಾನ್ಸರ್ ಒಯ್ದಿತು. ಗಂಗೂಬಾಯಿ ಅದಾದ ಮೇಲೂ, 2006ರಲ್ಲಿ, ವೇದಿಕೆಗೆ ಬಂದರು. ತೊಂಬತ್ತು ದಾಟಿದ್ದರು. "ಮಗಳ ದನಿ ಇರುತ್ತಿದ್ದ ಜಾಗ ಖಾಲಿ ಎಂದು ಎಲ್ಲರಿಗೂ ಗೊತ್ತಿತ್ತು. ಆದರೂ ಅದೇ ದನಿಯಲ್ಲಿ, ಇದ್ದಷ್ಟು ಹಾಡಿದರು."

ಆಗ ನಾನು ಆಲನ್‌ನ ಹೊಸ ಆಲ್ಬಂ ಹಾಕಿದೆ, ಸೆಪ್ಟೆಂಬರಿನಲ್ಲಿ ಬಂದದ್ದು. ಗಿಟಾರ್ ಇಲ್ಲವೆನ್ನುವಷ್ಟು ಕಡಿಮೆ. ಡ್ರಮ್ ಯಂತ್ರ, ಸಿಂಥಸೈಜರ್, ಮತ್ತು ಯಂತ್ರದ ಮೂಲಕ ಹಾದು ಮಗುವಿನದೋ ಬೊಂಬೆಯದೋ ಎನ್ನುವಂತಾದ ದನಿ. ಅಪ್ಪ ಎರಡು ಹಾಡು ಕೇಳಿದರು.

"ಇದು ತಪ್ಪು. ತನ್ನ ದನಿಯನ್ನು ಹೀಗೆ ಮುಚ್ಚಿಡಬಾರದು."

"ಮುಚ್ಚಿಡದೆ ಏನು ಮಾಡಬೇಕು? ಆ ದನಿ ಬಂದರೆ ಪಕ್ಕದಲ್ಲಿ ಇನ್ನೊಂದು ಬೇಕೆನಿಸುತ್ತದಲ್ಲ, ಕೇಳುವವರಿಗೂ."

"ಗಂಗೂಬಾಯಿ ಮುಚ್ಚಿದರೇ?"

ಉತ್ತರ ಹೊಳೆಯಲಿಲ್ಲ. ಆಲನ್‌ಗೆ ಹಿಂದೆ ನಿಲ್ಲಲು ಒಂದು ಘರಾಣೆ ಇರಲಿಲ್ಲ, ಇಬ್ಬರೇ ಸೇರಿ ಕಟ್ಟಿದ್ದು ಎನ್ನಬಹುದಿತ್ತೇನೋ. ಆದರೆ ಅಷ್ಟರಲ್ಲಿ ಅಮ್ಮನ ವಿಡಿಯೊ ಕರೆ ಬಂತು. ಅಲ್ಲಿ ಬೆಳಗಾಗಿತ್ತು, ನಲ್ಲಿ ನೀರು ಬಂದಿಲ್ಲವಂತೆ, ಟ್ಯಾಂಕ್ ತೊಳೆಯುವವನೂ ಕೈಕೊಟ್ಟಿದ್ದಾನಂತೆ. ಅಪ್ಪ ಅರ್ಧ ಗಂಟೆ ಟ್ಯಾಂಕಿನ ವಾಲ್ವ್ ಬಗ್ಗೆ ಉಪದೇಶ ಮಾಡಿದರು. ಸಾರು ತಣ್ಣಗಾಯಿತು.

ಮಲಗುವ ಮೊದಲು ಮತ್ತೆ ಬಂದು ಬಾಗಿಲಲ್ಲಿ ನಿಂತರು. ಆ ಗೊರಗುಡುವ ಹಾಡು ಹೊತ್ತಿಗೆ ಮುಂಚೆ ನಿಲ್ಲಿಸಿಬಿಟ್ಟೆಯಲ್ಲ, ಪೂರ್ತಿ ಕೇಳಬೇಕಂತೆ. ಕೇಳಲಿ. ನಾಳೆ 2013ರ ಕತೆಯನ್ನೂ ಹೇಳಬೇಕು. ಇಲ್ಲೇ ವಾಕರ್ ಕಲಾಕೇಂದ್ರದ ಅಂಗಳದ ಉತ್ಸವದಲ್ಲಿ ಸಿಕ್ಕ ಸಮಯವನ್ನೆಲ್ಲ ಒಂದೇ ಹಾಡಿಗೆ ಸುರಿದು, 27 ನಿಮಿಷ ನುಡಿಸಿ, ಕೊನೆಗೆ ಡ್ರೋನ್ ದಾಳಿಗಳ ವಿರುದ್ಧ ಒಂದೇ ಒಂದು ಮಾತು ಹೇಳಿ ಇಳಿದುಹೋಗಿದ್ದರು. ಸಿಟ್ಟಾದವರೆಷ್ಟೋ. ಅದರ ಧ್ವನಿಮುದ್ರಿಕೆ ಸಿಕ್ಕರೆ ಅಪ್ಪನನ್ನು ಕೂರಿಸಿ, ಸಾಲದ ಮಾತನ್ನು ಮತ್ತೊಮ್ಮೆ ಎತ್ತಬೇಕು.