ತಾಕಿನ ಕೀಲಿಕೈ ಕೊಟ್ಟ ದಿನ

ಊರು ಬಿಡುವವರಿಗೆ ಮನೆ ಖಾಲಿ ಮಾಡುವುದೇ ದೊಡ್ಡ ತಲೆನೋವು ಎನ್ನುತ್ತಾರೆ. ನನಗೆ ಹಾಗೆ ಅನ್ನಿಸಲಿಲ್ಲ. ಬೇಡದ್ದನ್ನು ಕೊಟ್ಟು, ಬೇಕಾದದ್ದನ್ನು ಕಟ್ಟಿ, ಲಾರಿಗೆ ಏರಿಸಿದರೆ ಮನೆಯ ಲೆಕ್ಕ ಮುಗಿಯುತ್ತದೆ. ತೊಡಕಾದದ್ದು ತೋಟದ್ದು. ತೋಟವೆಂದರೆ ಸ್ವಂತದ್ದೇನಲ್ಲ, ಸಮುದಾಯ ತೋಟವೊಂದರಲ್ಲಿ ವರ್ಷಕ್ಕಿಷ್ಟು ಎಂದು ಬಾಡಿಗೆ ಕಟ್ಟಿ ಹಿಡಿದಿದ್ದ ಒಂದು ತಾಕು. ಊರು ಬಿಟ್ಟವರು ತಾಕನ್ನೂ ಬಿಡಬೇಕು, ಅದು ಸರದಿಯಲ್ಲಿ ಕಾಯುತ್ತಿರುವವರಿಗೆ ಹೋಗುತ್ತದೆ ಎಂದು ಮೊದಲ ದಿನ ಸಹಿ ಹಾಕಿದ ಕಾಗದದಲ್ಲೇ ಇತ್ತು. ಸಿಕ್ಕಿತಲ್ಲ ಎಂಬ ಸಂಭ್ರಮದಲ್ಲಿರುವವರು ಬಿಡುವ ಷರತ್ತನ್ನು ಎಲ್ಲಿ ಮನಸ್ಸಿಟ್ಟು ಓದುತ್ತಾರೆ!

ಕೈಗೆ ಬಂದಾಗ ಆ ನೆಲದ ಸ್ಥಿತಿ ಹೇಳುವಂತಿರಲಿಲ್ಲ. ಎಲ್ಲೆಲ್ಲೂ ಗರಿಕೆ, ತಗ್ಗಿನ ಮೂಲೆಯಲ್ಲಿ ಜೇಕು. ಜೇಕಿನ ಸ್ವಭಾವ ಅನುಭವಿಸಿದವರಿಗೇ ಗೊತ್ತು. ಮೇಲಿನ ಹುಲ್ಲನ್ನು ಕಿತ್ತಷ್ಟೂ ಅದಕ್ಕೆ ಹುಮ್ಮಸ್ಸು. ಕೆಳಗೆ ದಾರಕ್ಕೆ ಪೋಣಿಸಿದ ಮಣಿಗಳ ಹಾಗೆ ಗೆಡ್ಡೆಗಳು ಸಾಲುಗಟ್ಟಿರುತ್ತವೆ, ಒಂದು ಉಳಿದರೂ ಮತ್ತೆ ಸಂಸಾರ ಹೂಡುತ್ತದೆ. ಮಣ್ಣಂತೂ ಅಪ್ಪಟ ಜೇಡಿ. ಒಣಗಿದರೆ ಬಿರುಕು ಬಿಡುತ್ತಿತ್ತು, ನೆನೆದರೆ ಚಪ್ಪಲಿಯನ್ನು ಹಿಡಿದುಕೊಂಡು ಬಿಡುತ್ತಲೇ ಇರಲಿಲ್ಲ. ಇಂಥ ಮಣ್ಣಿಗೆ ಒಂದಿಷ್ಟು ಮರಳು ಬೆರೆಸಿದರೆ ಸಡಿಲವಾಗುತ್ತದೆ ಎಂದು ಸಲಹೆ ಕೊಡುವವರು ಎಲ್ಲ ತೋಟಗಳಲ್ಲೂ ಇರುತ್ತಾರೆ. ಅವರ ಮಾತು ಕೇಳಬಾರದು. ಜೇಡಿಗೆ ಅಷ್ಟಿಷ್ಟು ಮರಳು ಬಿದ್ದರೆ ಅದು ಇನ್ನಷ್ಟು ಗಟ್ಟಿಯಾಗಿ ಕೂರುತ್ತದೆ. ಅದಕ್ಕೆ ಬೇಕಾದದ್ದು ಕೊಳೆತ ಎಲೆ, ಕಾಂಪೋಸ್ಟ್ ಮತ್ತು ತಾಳ್ಮೆ.

ಕಾಂಪೋಸ್ಟ್ ವಿಷಯದಲ್ಲಿ ನನಗೆ ಸ್ವಲ್ಪ ಗರ್ವವೇ ಇದೆ. ಹಸಿ ಕಸವನ್ನಷ್ಟೇ ಸುರಿದರೆ ಗಬ್ಬು ನಾರುತ್ತದೆ, ಒಣ ಎಲೆಯನ್ನಷ್ಟೇ ಒಟ್ಟಿದರೆ ವರ್ಷವಾದರೂ ಎಲೆಯಾಗಿಯೇ ಇರುತ್ತದೆ. ಒಂದು ಪಾಲು ಸಾರಜನಕಕ್ಕೆ ಸುಮಾರು 30 ಪಾಲು ಇಂಗಾಲವಿರಬೇಕು ಎಂದು ಪುಸ್ತಕಗಳು ಹೇಳುತ್ತವೆ. ಕೈಗೆ ಅದು ಬೇರೆ ರೀತಿಯಲ್ಲಿ ತಿಳಿಯುತ್ತದೆ: ಹಿಡಿ ತುಂಬ ತೆಗೆದು ಹಿಂಡಿದರೆ ಬೆರಳ ಸಂದಿನಲ್ಲಿ ಒಂದೆರಡು ಹನಿ ಕಾಣಬೇಕು, ಧಾರೆಯಾಗಿ ಇಳಿಯಬಾರದು. ಹದವಾಗಿ ಕಟ್ಟಿದ ಗುಡ್ಡೆ ಕೆಲವೇ ದಿನಗಳಲ್ಲಿ 55ರಿಂದ 65 ಡಿಗ್ರಿಯವರೆಗೆ ಕಾಯುತ್ತದೆ. ಚಳಿಯ ಬೆಳಗ್ಗೆ ಸಲಿಕೆಯಿಂದ ತಿರುವಿದರೆ ಒಳಗಿಂದ ಹಬೆ ಏಳುತ್ತದೆ, ಕಳೆಯ ಬೀಜಗಳು ಆ ಶಾಖಕ್ಕೇ ಸಾಯುತ್ತವೆ. ಇಂಥ ಗುಡ್ಡೆಗಳನ್ನು ಒಂದರ ಹಿಂದೊಂದು ಮಡಿಗಳ ಮೇಲೆ ಹರಡುತ್ತಾ ಬಂದೆ. ಅಗೆದು ಬೆರೆಸಲಿಲ್ಲ. ಆ ಕೆಲಸ ಎರೆಹುಳುಗಳದ್ದು.

ಎರೆಹುಳುಗಳ ವೇಗ ಎಷ್ಟೆಂದು ಚಾರ್ಲ್ಸ್ ಡಾರ್ವಿನ್ ಅಳೆದು ನೋಡಿದ್ದ. 1842ರಲ್ಲಿ ತನ್ನ ಮನೆಯ ಹತ್ತಿರದ ಹುಲ್ಲುಗಾವಲಿನ ಮೇಲೆ ಸುಣ್ಣಕಲ್ಲಿನ ಚೂರುಗಳನ್ನು ಹರಡಿಸಿ, 29 ವರ್ಷ ಬಿಟ್ಟು ಕಂದಕ ತೋಡಿ ನೋಡಿದಾಗ ಆ ಬಿಳಿ ಗೆರೆ ಏಳು ಅಂಗುಲ ಕೆಳಗಿತ್ತು. ಹುಳುಗಳು ಕೆಳಗಿನ ಮಣ್ಣನ್ನು ತಿಂದು ಮೇಲೆ ತಂದು ಹಾಕುತ್ತಾ ಕಲ್ಲುಗಳನ್ನು ಹೂತುಬಿಟ್ಟಿದ್ದವು. ವರ್ಷಕ್ಕೆ ಕಾಲು ಅಂಗುಲದಷ್ಟೂ ಇಲ್ಲ. ಊರು ಬಿಡುವುದು ಖಚಿತವಾದ ಮೇಲೆ ಈ ಲೆಕ್ಕ ನೆನಪಿಗೆ ಬಂದು ಕಿರಿಕಿರಿಯಾಯಿತು. ಹೊಸ ಊರಿನಲ್ಲಿ ತಾಕು ಸಿಕ್ಕಿದರೂ ಮತ್ತೆ ಮೊದಲ ಕಾಲು ಅಂಗುಲದಿಂದ ಶುರುಮಾಡಬೇಕಲ್ಲ.

ಪಕ್ಕದ ತಾಕಿನ ಹಿರಿಯರಿಗೆ ವಿಷಯ ತಿಳಿಸಿದಾಗ ಅವರು ಬೇಸರಪಟ್ಟುಕೊಂಡರು. ಬೇಸರ ಮುಗಿದ ತಕ್ಷಣ ಕೇಳಿದ್ದು, "ಆ ಗೊಬ್ಬರದ ಗುಡ್ಡೆಯನ್ನು ಏನು ಮಾಡುತ್ತೀರಿ?" ಎಂದು. ನಗು ಬಂತು, ಆದರೆ ಪ್ರಶ್ನೆಯಲ್ಲಿ ತೂಕವಿತ್ತು. ಬಾಡಿಗೆ ನೆಲಕ್ಕೆ ಹಾಕಿದ ಗೊಬ್ಬರ ಯಾರದ್ದು? ಬ್ರಿಟನ್ನಿನಲ್ಲಿ ಇಂಥ ತಾಕುಗಳಿಗೆಂದೇ 1922ರಲ್ಲಿ ಮಾಡಿದ ಕಾಯ್ದೆಯೊಂದು, ಭೂಮಿಯ ಒಡೆಯನೇ ಎಬ್ಬಿಸಿದ ಕೆಲವು ಸಂದರ್ಭಗಳಲ್ಲಿ, ನಿಂತ ಬೆಳೆಗೆ ಮಾತ್ರವಲ್ಲದೆ ಹಾಕಿದ ಗೊಬ್ಬರಕ್ಕೂ ಪರಿಹಾರ ಕೇಳುವ ಹಕ್ಕು ಕೊಟ್ಟಿತು. ಆ ಕಾಯ್ದೆ ಬರೆದವರಲ್ಲಿ ಒಬ್ಬರಾದರೂ ಗುಡ್ಡೆ ತಿರುವಿ ಬೆನ್ನು ನೋಯಿಸಿಕೊಂಡವರು ಇದ್ದಿರಬೇಕು. ನನ್ನನ್ನು ಯಾರೂ ಎಬ್ಬಿಸಿರಲಿಲ್ಲ, ಹಾಗಾಗಿ ನ್ಯಾಯ ಕೇಳುವ ಪ್ರಶ್ನೆಯೇ ಇರಲಿಲ್ಲ. ಗುಡ್ಡೆ ತಾಕಿಗೇ ಇರಲಿ ಎಂದೆ. ಹಿರಿಯರು "ಆಗಲಿ" ಎಂದರು, ಒಪ್ಪಿದ ದನಿಯಲ್ಲಲ್ಲ.

ಇನ್ನು ಏನೇನು ಕೊಂಡೊಯ್ಯುವುದು? ಎಲ್ಲರ ಕಣ್ಣೂ ನಿಂಬೆಗಿಡದ ಮೇಲಿತ್ತು. ಕಸಿ ಗಿಡ, ಆಗಷ್ಟೇ ಕೈತುಂಬ ಕಾಯಿ ಹಿಡಿಯತೊಡಗಿತ್ತು. ಸುತ್ತ ಅಗೆದು ಗೋಣಿ ಸುತ್ತಿ ಲಾರಿಗೆ ಹಾಕಿ ಎಂದವರೇ ಹೆಚ್ಚು. ಬೇರೂರಿದ ಗಿಡದ ಆಹಾರ ಹೀರುವ ನವಿರು ಬೇರುಗಳಲ್ಲಿ ಬಹುಪಾಲು ಕಾಂಡದಿಂದ ದೂರದಲ್ಲಿ, ಮೇಲ್ಮಣ್ಣಿನಲ್ಲಿ ಹರಡಿರುತ್ತವೆ. ನಾವು ಎಷ್ಟು ದೊಡ್ಡ ಹೆಂಟೆ ಎತ್ತಿದರೂ ಅವು ನೆಲದಲ್ಲೇ ಉಳಿಯುತ್ತವೆ. ಕೈಗೆ ಬರುವುದು ಹೆಚ್ಚಾಗಿ ಗಿಡವನ್ನು ನಿಲ್ಲಿಸುವ ದಪ್ಪ ಬೇರುಗಳು. ಜೊತೆಗೆ ಬೇರಿಗಂಟಿದ ಮಣ್ಣಿನಲ್ಲಿ ಜಂತುಹುಳುಗಳೂ ರೋಗಗಳೂ ಊರಿನಿಂದೂರಿಗೆ ಟಿಕೆಟ್ಟಿಲ್ಲದೆ ಪ್ರಯಾಣ ಮಾಡುತ್ತವೆ. ಗಿಡವನ್ನು ಮುಟ್ಟಲಿಲ್ಲ. ಅಂಜೂರದಿಂದ ಮಾತ್ರ ಪೆನ್ಸಿಲ್ ದಪ್ಪದ ಕಡ್ಡಿಗಳನ್ನು ಕತ್ತರಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟೆ. ಅಂಜೂರ ಉದಾರಿ, ಕಡ್ಡಿ ನೆಟ್ಟರೂ ಬರುತ್ತದೆ. ಪುದೀನವನ್ನು ತೆಗೆದುಕೊಳ್ಳಲಿಲ್ಲ, ಅದು ಎಲ್ಲಿದ್ದರೂ ಸಿಗುತ್ತದೆ, ಬೇಡವೆಂದರೂ ಸಿಗುತ್ತದೆ.

ನಿಜವಾಗಿ ಮನಸ್ಸಿಟ್ಟು ಮಾಡಿದ್ದು ಬೀಜದ ಕೆಲಸ. ಟೊಮೆಟೊ ಮತ್ತು ಹುರುಳಿಕಾಯಿ ತಮ್ಮ ಹೂವಿನೊಳಗೇ ಪರಾಗಸ್ಪರ್ಶ ಮುಗಿಸಿಕೊಳ್ಳುವ ಜಾತಿ, ಹಾಗಾಗಿ ಮಕ್ಕಳು ಸಾಮಾನ್ಯವಾಗಿ ತಾಯಿಯ ಹಾಗೆಯೇ ಇರುತ್ತವೆ, ಹೈಬ್ರಿಡ್ ಅಲ್ಲದಿದ್ದರೆ. ಕುಂಬಳವನ್ನು ನಂಬುವಂತಿಲ್ಲ. ಜೇನುನೊಣ ಯಾರ ತಾಕಿನ ಯಾವ ಬಳ್ಳಿಯ ಪರಾಗ ತಂದಿರುತ್ತದೋ, ಬಿತ್ತಿ ಕಾಯಿ ಬಂದ ಮೇಲೆಯೇ ಗುಟ್ಟು ರಟ್ಟಾಗುವುದು. ಟೊಮೆಟೊದಲ್ಲಿ ಚೆನ್ನಾಗಿ ಮಾಗಿದ ಹಣ್ಣುಗಳನ್ನು ಆರಿಸಿ ಹಿಚುಕಿ, ತಿರುಳು ಸಮೇತ ಗಾಜಿನ ಲೋಟಕ್ಕೆ ಹಾಕಿ ಅಡುಗೆಮನೆಯ ಕಿಟಕಿಯಲ್ಲಿಟ್ಟೆ. ಬೀಜದ ಸುತ್ತ ಲೋಳೆಯ ಪೊರೆಯೊಂದು ಇರುತ್ತದೆ, ಹಣ್ಣಿನೊಳಗೇ ಮೊಳೆಯದಂತೆ ತಡೆಯುವುದು ಅದೇ. ಎರಡು ಮೂರು ದಿನ ಹುಳಿ ಬಂದರೆ ಪೊರೆ ಕರಗುತ್ತದೆ. ಮೇಲೆ ಬಿಳಿ ಕೆನೆ ಕಟ್ಟಿ ವಾಸನೆ ಏಳತೊಡಗಿದಾಗ ನೀರು ಸುರಿದು ಕಲಕಿದರೆ ಜೊಳ್ಳು ತೇಲಿ ಗಟ್ಟಿ ಬೀಜ ತಳ ಸೇರುತ್ತದೆ. ತೊಳೆದು ಪಿಂಗಾಣಿ ತಟ್ಟೆಯ ಮೇಲೆ ಹರಡಿದೆ; ಕಾಗದದ ಮೇಲೆ ಒಣಗಿಸಿದರೆ ಅಂಟಿಕೊಂಡು ಪ್ರಾಣ ತಿನ್ನುತ್ತದೆ. ಒಣಗಿದ ಬೀಜಕ್ಕೆ ಬೆರಳು ತಾಗಿಸಿದರೆ ಸಣ್ಣ ರೋಮಗಳ ತರಿತರಿ ಸಿಗುತ್ತದೆ. ಮನೆಯೆಲ್ಲ ಪೆಟ್ಟಿಗೆಗಳಿಂದ ತುಂಬಿದ್ದಾಗ ಆ ತಟ್ಟೆಯನ್ನು ಯಾರೂ ಅಲುಗಿಸದಂತೆ ಕಾದದ್ದೇ ಒಂದು ಸಾಹಸ.

ತಾಕು ಒಪ್ಪಿಸುವ ದಿನ ಬೆಳಗ್ಗೆ ಬೇಗ ಹೋಗಿ ಕೊಯ್ಲು ಮುಗಿದ ಹುರುಳಿಕಾಯಿ ಬಳ್ಳಿಗಳನ್ನು ಬುಡದಲ್ಲಿ ಕತ್ತರಿಸಿದೆ, ಕೀಳಲಿಲ್ಲ. ಬೇರಿನ ಗಂಟುಗಳಿಂದ ನೆಲಕ್ಕೆ ಸಾರಜನಕದ ಸುಗ್ಗಿಯೇ ಆಗುತ್ತದೆ ಎಂಬ ಮಾತು ಕೊಂಚ ಉತ್ಪ್ರೇಕ್ಷೆ. ಕಾಳು ಬಲಿಯುವ ಹೊತ್ತಿಗೆ ಬಹುಪಾಲು ಕಾಳಿಗೇ ಸೇರಿರುತ್ತದೆ. ಆದರೆ ನೆಲದೊಳಗೆ ಕೊಳೆತ ಬೇರು ನೀರಿಗೆ ದಾರಿ ಮಾಡಿಕೊಡುತ್ತದೆ, ಜೇಡಿಮಣ್ಣಿನಲ್ಲಿ ಅದು ಸಣ್ಣ ಉಪಕಾರವಲ್ಲ. ಮಡಿಗಳಿಗೆ ಒಣ ಎಲೆ ಹೊದಿಸಿ, ಚಪ್ಪರದ ಗಳುಗಳನ್ನು ಒಟ್ಟಿಗೆ ಕಟ್ಟಿ, ಗುದ್ದಲಿ ಸಲಿಕೆಗಳ ಮಣ್ಣು ಕೆರೆದೆ.

ಅಷ್ಟರಲ್ಲಿ ಹೊಸಬರು ಬಂದರು. ಚಿಕ್ಕ ವಯಸ್ಸಿನ ಹೆಣ್ಣುಮಗಳು, ಜೊತೆಗೆ ಓಡಾಡುವ ವಯಸ್ಸಿನ ಮಗು. ಹಿಂದಿನ ರಾತ್ರಿ ನಾನು ಒಂದು ನಕ್ಷೆ ಬರೆದಿಟ್ಟುಕೊಂಡಿದ್ದೆ. ಯಾವ ಮಡಿಯಲ್ಲಿ ನೀರು ನಿಲ್ಲುತ್ತದೆ, ಬೇಲಿಯಾಚೆಯ ಮರದ ನೆರಳು ಯಾವ ತಿಂಗಳಲ್ಲಿ ಎಲ್ಲಿಯವರೆಗೆ ಬರುತ್ತದೆ, ಬಸವನಹುಳುಗಳು ಹಗಲಲ್ಲಿ ಯಾವ ಹಲಗೆಯ ಅಡಿ ಅಡಗುತ್ತವೆ, ಟೊಮೆಟೊ ಹಾಕಿದ ಜಾಗಕ್ಕೆ ಮುಂದಿನ ಸಲ ಬದನೆ ಯಾಕೆ ಬೇಡ, ಹೀಗೆ. ವರ್ಷಗಟ್ಟಲೆ ಬಗ್ಗಿ ಎದ್ದು ಕಲಿತದ್ದು ಇಷ್ಟೂ. ಅದರಲ್ಲಿ ಒಂದಾದರೂ ಬೇಲಿ ದಾಟಿದ ಮೇಲೆ ನನಗೆ ಕೆಲಸಕ್ಕೆ ಬರುವಂಥದ್ದಲ್ಲ. ಗಿಡಕ್ಕಿಂತ ಹೆಚ್ಚಾಗಿ ನಾನು ಬಿಟ್ಟುಹೋಗುತ್ತಿದ್ದದ್ದು ಇದನ್ನು.

ಅವರು ಸುತ್ತ ನೋಡಿ ಕೇಳಿದ ಮೊದಲ ಪ್ರಶ್ನೆ: "ಈ ಎರಡು ಮಡಿ ತೆಗೆದರೆ ಇವಳಿಗೆ ಆಡಲು ಜಾಗ ಆಗುತ್ತದಲ್ಲವೇ?"

ಅವರು ತೋರಿಸಿದ್ದು ತಾಕಿನ ಅತ್ಯುತ್ತಮ ಮಣ್ಣನ್ನು. ಬೆರಳಿಟ್ಟರೆ ಮಣಿಕಟ್ಟಿನವರೆಗೆ ಇಳಿಯುವ ಮಣ್ಣು. ಗಂಟಲಿಗೆ ಬಂದ ಮಾತನ್ನು ನುಂಗಿಕೊಂಡೆ. ನನಗಿಂತ ಮುಂಚೆ ತಾಕು ಹಿಡಿದವರು ಇದನ್ನೆಲ್ಲ ಗರಿಕೆಗೆ ಬಿಟ್ಟಿದ್ದರು. ಅವರಿಗಿದ್ದ ಹಕ್ಕು ಇವರಿಗೂ ಉಂಟು. ಮಗು ಆಗಲೇ ಹೊದಿಕೆಯ ಎಲೆಗಳನ್ನು ಕೆದಕಿ ಎರೆಹುಳುವೊಂದನ್ನು ಅಂಗೈಯಲ್ಲಿ ಇಟ್ಟುಕೊಂಡಿತ್ತು. ನಕ್ಷೆ ಜೇಬಿನಲ್ಲೇ ಉಳಿಯಿತು. ಬಿಟ್ಟುಹೋಗುವವರು ಬರೆದಿಡುವ ಸೂಚನೆಗಳಲ್ಲಿ ಅರ್ಧ ಉಪಕಾರ, ಅರ್ಧ ದೂರದಿಂದಲೇ ಆಳುವ ಆಸೆ. ಎರಡೇ ಸಂಗತಿ ಹೇಳಿದೆ: ಜೇಕಿನ ಮೂಲೆಯನ್ನು ಅಗೆದು ಗೆಡ್ಡೆ ಹರಡಬೇಡಿ, ನಲ್ಲಿಯ ತಿರುಪು ಸಡಿಲ, ಮೆಲ್ಲಗೆ ತಿರುಗಿಸಿ. ಅವರು ಮೊಬೈಲಿನಲ್ಲಿ ಬರೆದುಕೊಂಡರು. "ನಿಂಬೆ ಇರುತ್ತದೆ, ಅದನ್ನೇನೂ ಮಾಡುವುದಿಲ್ಲ" ಎಂದು ತಾವಾಗಿಯೇ ಸೇರಿಸಿದರು. ನನ್ನ ಮುಖ ಏನಾದರೂ ಹೇಳಿರಬೇಕು. ಕೀಲಿಕೈ ಕೊಟ್ಟೆ, ಈರುಳ್ಳಿ ಬೀಜದ ಪೊಟ್ಟಣವನ್ನು ಹಿರಿಯರ ಕೈಗಿಟ್ಟೆ, ಬಸ್ ಹಿಡಿದೆ.

ಹೊಸ ಊರಿನ ಮನೆಗೆ ಇರುವುದು ಒಂದು ಬಾಲ್ಕನಿ, ಬಿಸಿಲು ಬೆಳಗಿನ ಹೊತ್ತಷ್ಟೇ. ಹುರುಳಿಕಾಯಿಯನ್ನು ಕುಂಡಕ್ಕೆ ಹಾಕಿದ್ದೇನೆ. ಅಂಗಡಿಯ ಚೀಲದ ಮಣ್ಣಿನಲ್ಲಿ ತೆಂಗಿನ ನಾರಿನ ಪುಡಿಯೇ ಹೆಚ್ಚು. ಮೇಲ್ಭಾಗ ಒಣಗಿದಂತೆ ಕಂಡರೂ ಒಳಗೆ ತೇವ ಹಿಡಿದಿರುತ್ತದೆ. ಜೇಡಿಗೆ ಪಳಗಿದ ನನ್ನ ಕೈಗೆ ಈ ಮಣ್ಣಿನ ನಂಬಿಕೆ ಇನ್ನೂ ಬಂದಿಲ್ಲ. ನೀರು ಹಾಕುವ ಮೊದಲು ಕುಂಡವನ್ನು ಎತ್ತಿ ತೂಕ ನೋಡುವುದನ್ನು ರೂಢಿ ಮಾಡಿಕೊಳ್ಳುತ್ತಿದ್ದೇನೆ. ಅಂಜೂರದ ಕಡ್ಡಿಗಳಲ್ಲಿ ಒಂದು ಚಿಗುರಿದೆ, ಉಳಿದವು ಏನೂ ಹೇಳುತ್ತಿಲ್ಲ.

ಇಲ್ಲಿಯೂ ಒಂದು ಸಮುದಾಯ ತೋಟವಿದೆ. ಹೋಗಿ ಹೆಸರು ಬರೆಸಿದೆ. ಸರದಿ ಬರಲು ಕೆಲವು ವರ್ಷಗಳೇ ಹಿಡಿಯಬಹುದು ಎಂದರು. ಮನೆಗೆ ಬಂದು ಪೊಟ್ಟಣಗಳನ್ನು ಹರಡಿಕೊಂಡು ಲೆಕ್ಕ ಹಾಕಿದೆ. ತಂಪಾಗಿ, ಒಣಗಿಸಿ ಇಟ್ಟರೆ ಟೊಮೆಟೊ ಬೀಜ ನಾಲ್ಕೈದು ವರ್ಷ ತಡೆಯುತ್ತದೆ, ಹುರುಳಿಕಾಯಿ ಮೂರು ವರ್ಷಕ್ಕೆ ಮೋಸವಿಲ್ಲ. ಈರುಳ್ಳಿ ಒಂದೆರಡು ವರ್ಷದಲ್ಲೇ ಸತ್ತುಹೋಗುತ್ತದೆ. ಅದನ್ನು ಹಿರಿಯರಿಗೆ ಕೊಟ್ಟು ಬಂದದ್ದು ಒಳ್ಳೆಯದಾಯಿತು. ಅವರು ಇಷ್ಟರಲ್ಲಿ ಬಿತ್ತಿಯೂ ಇರುತ್ತಾರೆ, ನನ್ನ ಗುಡ್ಡೆಯ ಗೊಬ್ಬರವನ್ನೇ ಹಾಕಿ ಎಂಬುದರಲ್ಲಿ ನನಗೆ ಅನುಮಾನವಿಲ್ಲ.